ಊಟದ ಮೇಜಿನ ಮೇಲೊಂದು ಮತಗಟ್ಟೆ

ನನ್ನ ಅತ್ತೆಯವರಿಗೆ ಎಂಬತ್ತೆಂಟು ತುಂಬಿದ ವರ್ಷ ವಿಧಾನಸಭೆ ಚುನಾವಣೆ ಬಂತು. ಅಷ್ಟು ವಯಸ್ಸಾದವರು ಸರದಿಯಲ್ಲಿ ನಿಲ್ಲಬೇಕಿಲ್ಲ, ಅರ್ಜಿ ಕೊಟ್ಟರೆ ಮತಗಟ್ಟೆಯೇ ಮನೆಗೆ ಬರುತ್ತದೆ ಎಂದು ತಿಳಿದ ದಿನವೇ ನನ್ನ ಗಂಡ ಅರ್ಜಿ ತುಂಬಿ ತಾಯಿಯ ಸಹಿ ಹಾಕಿಸಿದರು. ಸರ್ಕಾರಿ ನೌಕರಿಯಲ್ಲಿದ್ದಷ್ಟು ಕಾಲ ಚುನಾವಣೆ ಡ್ಯೂಟಿ ಮಾಡಿದವರು ಅವರು. ಮತ ಹಾಕದವರನ್ನು ಕಂಡರೆ ಸ್ನಾನ ಮಾಡದವರನ್ನು ಕಂಡಂತೆ ಮುಖ ಮಾಡುತ್ತಾರೆ.

ಅತ್ತೆಯವರು ಹೈದರಾಬಾದಿನ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಆದರೆ ಈ ಸಲ ಅರ್ಜಿಗೆ ಸಹಿ ಹಾಕಿದ ಮರುಕ್ಷಣವೇ, "ಅವ್ರು ಬರಲಿ. ನಾ ಮಾತ್ರ ಇಬ್ಬರಿಗೂ ಹಾಕಂಗಿಲ್ಲ," ಎಂದುಬಿಟ್ಟರು.

ನಮ್ಮ ಕ್ಷೇತ್ರದಲ್ಲಿ ಇದ್ದವರು ಇಬ್ಬರೇ ಎನ್ನಬೇಕು. ಉಳಿದ ಅಭ್ಯರ್ಥಿಗಳನ್ನು ಯಾರೂ ಕಣ್ಣಿನಿಂದ ಕಂಡಿರಲಿಲ್ಲ. ಹಿಂದಿನ ಸಲವೂ ಇದೇ ಇಬ್ಬರು ನಿಂತಿದ್ದರು. ಗೆದ್ದವನು ಕೆಲವೇ ತಿಂಗಳಲ್ಲಿ ಸೋತವನ ಪಕ್ಷ ಸೇರಿದ. ಸೋತವನು ಸಿಟ್ಟಾಗಿ ಗೆದ್ದವನು ಬಿಟ್ಟ ಪಕ್ಷಕ್ಕೆ ಹೋದ. ಈಗ ಮುಖಗಳು ಅವೇ, ಕೊರಳಿನ ಶಾಲುಗಳು ಮಾತ್ರ ಅದಲುಬದಲು. ಪ್ರಚಾರದ ಆಟೋಗಳಿಗೂ ಗೊಂದಲ. ಒಂದು ಆಟೋ ಹಳೆಯ ಹಾಡನ್ನೇ ಹಾಕಿಕೊಂಡು ಮಿಯಾಪುರವೆಲ್ಲ ಸುತ್ತಿ, ತಾನು ಸೋಲಿಸಬೇಕಾದವನನ್ನೇ ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಗಳಿತು.

"ಅವ್ವಾ, ಇಬ್ಬರೊಳಗ ಕಡಿಮಿ ಕೆಟ್ಟಾಂವ ಯಾರಂತ ನೋಡಿ ಹಾಕಬೇಕು," ಎಂದು ನನ್ನ ಗಂಡ ತಿಳಿಹೇಳಿದರು.

"ಹೋದ ಸಲ ಹಂಗೇ ಮಾಡಿದ್ನಿ. ಕಡಿಮಿ ಕೆಟ್ಟಾಂವಗ ಹಾಕಿದ್ನಿ. ಆಂವ ಹೋಗಿ ಜಾಸ್ತಿ ಕೆಟ್ಟಾಂವನ ಪಾರ್ಟಿ ಸೇರಿದ. ನನ್ನ ವೋಟು ಯಾರಿಗಿ ಬಿದ್ದಂಗಾತು, ಹೇಳು? ಮೆಹದಿಪಟ್ಟಣಂ ಮಾರ್ಕೆಟ್‌ನ್ಯಾಗ ಇದ್ದ ಎರಡೂ ಬದನಿಕಾಯಿ ಹುಳಕು. ಕಡಿಮಿ ಹುಳ ಇದ್ದದ್ದು ತರ್ತಿಯೇನು?"

"ತರಲಿಲ್ಲಂದ್ರ ಉಪಾಸ ಇರಬೇಕಾಗತೈತಲ್ಲ?"

"ಮನ್ಯಾಗ ಬ್ಯಾಳಿ ಐತಿ," ಎಂದು ಅತ್ತೆ ಎದ್ದು ಹೋದರು.

ಗೊತ್ತುಮಾಡಿದ ದಿನ ಬೆಳಿಗ್ಗೆ ಆರು ಜನ ಬಂದರು. ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸ್, ಒಬ್ಬ ವಿಡಿಯೋದವನು, ಎರಡು ಪಕ್ಷಗಳ ಒಬ್ಬೊಬ್ಬ ಏಜೆಂಟ್. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಕಂಡು ಎದುರು ಫ್ಲ್ಯಾಟಿನ ಹೆಂಗಸು ಯಾರೋ ತೀರಿಕೊಂಡರೆಂದು ತಿಳಿದು, ತಲೆಯ ಮೇಲೆ ಸೆರಗು ಹೊದ್ದು ಒಳಗೆ ಬಂದಳು. ಅತ್ತೆ ಹಸಿರು ಇಳಕಲ್ ಸೀರೆಯುಟ್ಟು ಕುಳಿತದ್ದನ್ನು ಕಂಡು, ಸೆರಗು ಇಳಿಸಿ ಹಿಂದಿರುಗಿದಳು.

ಉಪ್ಪಿನಕಾಯಿ ಭರಣಿ ಸರಿಸಿ, ಊಟದ ಮೇಜಿನ ಮೇಲೆ ರಟ್ಟಿನ ಮರೆ ನಿಲ್ಲಿಸಿದರು. ಮತದಾರರ ಮೇಲೆ ಯಾರ ಪ್ರಭಾವವೂ ಬೀಳಬಾರದು ಎಂದು ಹಿರಿಯ ಅಧಿಕಾರಿ ನನ್ನ ಗಂಡನನ್ನು ಒಳಕೋಣೆಗೆ ಕಳಿಸಿದರು. ಎರಡೂ ಪಕ್ಷಗಳ ಏಜೆಂಟರು ಸೋಫಾದ ಮೇಲೆ ಆರಾಮಾಗಿ ಕುಳಿತರು. ಅಡುಗೆಮನೆ ಬಾಗಿಲಲ್ಲಿದ್ದ ನನ್ನನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅತ್ತೆ ಮತಪತ್ರವನ್ನು ಎರಡು ಸಲ ಓದಿದರು. "ಇಬ್ಬರೂ ಬ್ಯಾಡಂದ್ರ?"

"ಕಡೆಯಲ್ಲಿ ನೋಟಾ ಇದೆ, ಅಮ್ಮಗಾರೂ," ಎಂದರು ಅಧಿಕಾರಿ ತೆಲುಗಿನಲ್ಲಿ.

"ಎಲ್ಲಾರಕಿಂತ ಹೆಚ್ಚು ವೋಟು ಅದಕ್ಕ ಬಿದ್ರ?"

"ಆಗಲೂ ಅದರ ನಂತರದವರೇ ಗೆದ್ದಂತೆ."

"ಅಂದ್ರ ಬೇಕು ಅಂದ್ರೂ ಇವ್ರೇ, ಬ್ಯಾಡ ಅಂದ್ರೂ ಇವ್ರೇ?"

ಅಧಿಕಾರಿ ಕ್ಯಾಮೆರಾ ಕಡೆ ಒಮ್ಮೆ ನೋಡಿ, "ನಿಯಮ ಹಾಗಿದೆ, ಅಮ್ಮ," ಎಂದರು.

"ಕಾಗದದ ಮ್ಯಾಲ ಏನರ ಬರದ್ರ?"

"ರದ್ದಾಗುತ್ತದೆ."

"ರದ್ದಾದದ್ದು ಹರದು ಒಗಿತೀರೇನು?"

"ಇಲ್ಲಮ್ಮ. ಎಣಿಕೆಯ ದಿನ ಎಲ್ಲ ಏಜೆಂಟರಿಗೂ ತೋರಿಸಿ, ಯಾಕೆ ರದ್ದಾಯಿತು ಅಂತ ಹೇಳಿ, ಕಟ್ಟಿಡುತ್ತೇವೆ."

"ಎಲ್ಲಾರೂ ನೋಡ್ತಾರ?" ಅತ್ತೆಯ ಮುಖ ಬೆಳಗಿತು. ಪೆನ್ನು ಹಿಡಿದು ರಟ್ಟಿನ ಹಿಂದೆ ಹೋದರು.

ಹತ್ತು ನಿಮಿಷವಾಯಿತು, ಹದಿನೈದಾಯಿತು. ಪೆನ್ನಿನ ಗೀಚಾಟ ಮಾತ್ರ ಕೇಳುತ್ತಿತ್ತು. ಪೊಲೀಸ್ ಕುಳಿತಲ್ಲೇ ತೂಕಡಿಸಿದ. ಏಜೆಂಟರು ಆ ಸದ್ದಿನಲ್ಲೇ ತಮ್ಮ ಚಿಹ್ನೆ ಹುಡುಕುವವರಂತೆ ಕಿವಿ ಚಾಚಿದ್ದರು. "ಆಯಿತಾ ಅಮ್ಮ?" ಎಂದು ಅಧಿಕಾರಿ ಅಂಜುತ್ತ ಕೇಳಿದರೆ, "ತಡೀರಿ, ಕೂಡಸಾಕತ್ತೀನಿ," ಎಂಬ ಉತ್ತರ ಬಂತು. ಏನನ್ನು ಕೂಡಿಸುತ್ತಿದ್ದಾರೆಂದು ಕೇಳಲು ನಿಯಮವಿರಲಿಲ್ಲ.

ಕವರು ಅಂಟಿಸಿಕೊಟ್ಟ ಮೇಲೆ ಅತ್ತೆ ಎಲ್ಲರಿಗೂ ಚಹಾ ತರಲು ನನಗೆ ಹೇಳಿದರು. ಮತದಾರರ ಮನೆಯಲ್ಲಿ ಏನೂ ಮುಟ್ಟುವಂತಿಲ್ಲ ಎಂದರು ಅಧಿಕಾರಿ. "ವೋಟು ಕೊಟ್ಟಾತಲ್ಲ, ಇನ್ನ ನಾ ಬರೇ ಮುದುಕಿ," ಎಂದರು ಅತ್ತೆ. ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಡಿಯೋದವನು ಮೊದಲು ಕ್ಯಾಮೆರಾ ಆರಿಸಿದ, ಆಮೇಲೆ ಲೋಟ ತೆಗೆದುಕೊಂಡ.

ಏನು ಬರೆದಿರಿ ಎಂದು ನಾವು ಎಷ್ಟು ಕೇಳಿದರೂ ಅವರು ಹೇಳಲಿಲ್ಲ. ಮತದಾನ ಗುಪ್ತ ಎಂದು ಮಗನಿಗೇ ಪಾಠ ಹೇಳಿದರು.

ಎಣಿಕೆಯ ಮರುದಿನ ನನ್ನ ಗಂಡನಿಗೆ ಲಿಫ್ಟಿನಲ್ಲಿ ಮೇಲಿನ ಮಹಡಿಯವರು ಸಿಕ್ಕರು. ಅವರು ಒಂದು ಪಕ್ಷದ ಎಣಿಕೆ ಏಜೆಂಟ್ ಆಗಿದ್ದವರು, ಗಂಟಲು ಕೂತಿತ್ತು. ಮನೆಯಲ್ಲಿ ಹಾಕಿದ ಮತಗಳೂ ಸೇರುವ ಅಂಚೆ ಮತಗಳ ಮೇಜಿನಲ್ಲಿ ಒಂದು ವಿಚಿತ್ರ ಕಾಗದ ಬಂದಿತ್ತಂತೆ. ಒಬ್ಬ ಅಭ್ಯರ್ಥಿಯ ಮುಂದೆ ನೂರಕ್ಕೆ ಏಳು, ಇನ್ನೊಬ್ಬನ ಮುಂದೆ ನೂರಕ್ಕೆ ಒಂಬತ್ತು. ಉಳಿದವರೆಲ್ಲರ ಮುಂದೆ 'ಗೈರುಹಾಜರು'. ಒಂಬತ್ತು ದೊಡ್ಡದು, ಈ ಮತ ನಮ್ಮದೇ ಎಂದು ಇವರು ಪಟ್ಟು ಹಿಡಿದರು. ಅದು ಕ್ರಮಸಂಖ್ಯೆ, ಏಳು ಮೊದಲು ಬರುತ್ತದೆ, ಆದ್ದರಿಂದ ನಮ್ಮದು ಎಂದ ಎದುರು ಪಕ್ಷದವನು. ಕೂಗಾಟ ಕೇಳಿ ಬೇರೆ ಮೇಜಿನವರೂ ಬಂದು ಸೇರಿದರು. ಕೆಳಗಿದ್ದ ಸಾಲು ತೆಲುಗಿನಂತೆ ಕಂಡರೂ ತೆಲುಗಲ್ಲ. ಕೊನೆಗೆ ಕನ್ನಡ ಬಲ್ಲ ಗುಮಾಸ್ತರೊಬ್ಬರನ್ನು ಕರೆತಂದು ಓದಿಸಿದರು: 'ಇಬ್ಬರೂ ನಾಪಾಸು. ಪಾಲಕರನ್ನು ಕರೆದುಕೊಂಡು ಬರತಕ್ಕದ್ದು.' ಅಭ್ಯರ್ಥಿಗಳಿಬ್ಬರೂ ಅರವತ್ತು ದಾಟಿದವರು.

"ಯಾರೋ ತಲೆಕೆಟ್ಟ ಮೇಷ್ಟ್ರು," ಎಂದು ಅವರು ತಮ್ಮ ಮಹಡಿಯಲ್ಲಿಳಿದರು. ನನ್ನ ಗಂಡ ಇಳಿಯುವುದನ್ನೇ ಮರೆತು ಮತ್ತೆ ಕೆಳಗೆ ಹೋಗಿ ಬಂದರು.

ಮನೆಗೆ ಬಂದವರು ತಾಯಿಗೆ ಎಲ್ಲ ಹೇಳಿದರು. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ನಾಪಾಸು ಅಂತ ಓದಿದ್ರೇನು?"

"ಗಟ್ಟಿಯಾಗಿ ಓದಿದ್ರಂತ."

"ಮತ್ತ?"

"ಮತ್ತೇನಿಲ್ಲವ್ವಾ. ರದ್ದು ಮಾಡಿದ್ರು. ಒಂಬತ್ತರಾಂವ ಗೆದ್ದ."

ಅತ್ತೆಗೆ ಬೇಸರವಾಯಿತೆಂದು ನನಗನ್ನಿಸಿತು. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿ, "ನೀ ಯಾರಿಗಿ ಹಾಕಿದ್ದಿ?" ಎಂದರು.

"ಒಂಬತ್ತರಾಂವಗ್ರೀ, ಅತ್ತಿ. ಏಳರಾಂವ ಬರಬಾರದಂತ."

ನನ್ನ ಗಂಡ ಗಕ್ಕನೆ ತಲೆಯೆತ್ತಿದರು. "ನಾ ಏಳರಾಂವಗ ಹಾಕಿದ್ದೆ," ಎಂದರು. "ಒಂಬತ್ತರಾಂವ ಬರಬಾರದಂತ."

ಮತದಾನದ ದಿನ ಒಂದೂವರೆ ತಾಸು ಬಿಸಿಲಲ್ಲಿ ಅಕ್ಕಪಕ್ಕದ ಸಾಲಿನಲ್ಲಿ ನಿಂತು, ಒಂದೇ ಬಾಟಲಿಯ ನೀರು ಕುಡಿದು, ಒಬ್ಬರ ಮತವನ್ನು ಒಬ್ಬರು ಅಳಿಸಿ ಬಂದಿದ್ದೆವು. ನಾನು ನಗಲು ಹೋದೆ, ಆದರೆ ಅವರ ಮುಖ ನೋಡಿ ಆಗಲಿಲ್ಲ. ಅತ್ತೆ ಸೊಪ್ಪಿನ ಅರ್ಧ ಕಟ್ಟನ್ನು ಮಗನ ಮುಂದೆ, ಇನ್ನರ್ಧವನ್ನು ನನ್ನ ಮುಂದೆ ಇಟ್ಟು, ಬೆನ್ನು ನೋಯುತ್ತದೆಂದು ಒಳಗೆ ಹೋಗಿ ಮಲಗಿದರು.