ಮೂರನೇ ಕೂಗು

ಕೊರೊನಾ ಕಳೆದು ಶಾಲೆಗಳು ಸರಿಯಾಗಿ ತೆರೆದ ವರ್ಷದ ದಸರಾ ರಜೆ. ನಾನಾಗ ಕೂಡ್ಲಿಗಿ ಕಡೆಯ ಒಂದು ಶಾಖೆಯಲ್ಲಿ ಉಪ ವಲಯ ಅರಣ್ಯಾಧಿಕಾರಿಯಾಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಸಸಿ ನೆಡಿಸುವುದು, ಬೇಸಿಗೆಗೆ ಮುಂಚೆ ಬೆಂಕಿ ದಾಟದಂತೆ ಹುಲ್ಲು ಸವರಿಸುವುದು, ಕರಡಿ ಶೇಂಗಾ ಹೊಲಕ್ಕೆ ಬಂತೆಂದು ಫೋನ್ ಬಂದರೆ ಓಡುವುದು ನನ್ನ ಕೆಲಸ. ಇವುಗಳ ಜೊತೆಗೆ, ರಜೆಯಲ್ಲಿ ಅಪ್ಪ ಅಮ್ಮನೊಂದಿಗೆ ಬರುವ ಮಕ್ಕಳಿಗೆ ಕಾಡು ತೋರಿಸುವ ಶಿಬಿರವೂ ನನ್ನ ಪಾಲಿಗೆ ಬಂದಿತ್ತು.

ಕಾಡೆಂದರೆ ಮುಗಿಲು ಮುಟ್ಟುವ ಮರ ಎಂದುಕೊಂಡು ಬಂದವರು ನಮ್ಮಲ್ಲಿ ಜೀಪಿನಿಂದ ಇಳಿದು, "ಕಾಡೆಲ್ಲಿದೆ?" ಎಂದು ಕೇಳುತ್ತಿದ್ದರು. ನಿಂತಿರುವುದೇ ಕಾಡಿನಲ್ಲಿ! ನಮ್ಮದು ಬಂಡೆಗಳ ಕಾಡು. ಕಾರೆ, ತಂಗಡಿ, ಜಾಲಿ, ಸೀತಾಫಲ, ನಡುವೆ ಒಂದಿಷ್ಟು ನವಿಲು. ಹೊತ್ತಿಳಿದರೆ ಬಂಡೆಗಳ ಸಂದುಗಳಿಂದ ಕರಡಿಗಳು ಹೊರಡುತ್ತವೆ. ಆದ್ದರಿಂದ ಅಷ್ಟರೊಳಗೆ ಎಲ್ಲರೂ ಶಿಬಿರಕ್ಕೆ ಮರಳಿರಬೇಕೆಂಬ ಕಟ್ಟುನಿಟ್ಟಿತ್ತು.

ನಾನು ಮದುವೆಯಾದವಳಲ್ಲ. ಶಿಬಿರದ ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದೆ. "ಒಬ್ರೇ ಇರ್ತೀರಲ್ಲ, ಕರಡಿ ಅಂಜಿಕಿ ಇಲ್ಲೇನ್ರಿ?" ಎಂದು ಎಲ್ಲರೂ ಕೇಳುತ್ತಿದ್ದರು. ಕರಡಿಯ ಅಂಜಿಕೆ ನನಗಿರಲಿಲ್ಲ. ಅಂಜಿಕೆ ಇದ್ದದ್ದು ಭಾನುವಾರದ ಮಧ್ಯಾಹ್ನಕ್ಕೆ. ಮಕ್ಕಳೆಲ್ಲ ಕೈ ಬೀಸಿ ಹೊರಟುಹೋದ ಮೇಲೆ ಅಂಗಳದಲ್ಲಿ ಯಾರದೋ ಒಂಟಿ ಚಪ್ಪಲಿ, ಅರ್ಧ ಕಟ್ಟಿದ ಮಣ್ಣಿನ ಬೀಜದುಂಡೆ ಬಿದ್ದಿರುತ್ತಿದ್ದವು. ಅವನ್ನು ಎತ್ತಿ ಕಿಟಕಿಯಲ್ಲಿಡುತ್ತಿದ್ದೆ. ಆ ಅಂಜಿಕೆಯನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಶನಿವಾರ ಬಂದ ಐದಾರು ಕುಟುಂಬಗಳಲ್ಲಿ ಹರಪನಹಳ್ಳಿಯ ಕೊಟ್ರೇಶ ಮತ್ತು ಅವನ ಎಂಟು ವರ್ಷದ ಮಗಳು ಸಿಂಚನಾ ಇದ್ದರು. ಕೊಟ್ರೇಶ ಹರಪನಹಳ್ಳಿಯಲ್ಲಿ ನೌಕರಿಯಲ್ಲಿದ್ದ. ಹೆಂಡತಿ ಕೊರೊನಾದಲ್ಲಿ ತೀರಿಹೋಗಿದ್ದಳು. ಅಂದಿನಿಂದ ಹುಡುಗಿ ಮಾಗಳದಲ್ಲಿ ಅವನ ತಾಯಿಯ ಬಳಿ ಬೆಳೆಯುತ್ತಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಅವನು ಸೀತಾಫಲ ಬಿಡಿಸಿ ಮಗಳ ಮುಂದೆ ಹಿಡಿದ. ಅವಳು ತಲೆಯಾಡಿಸಿ ದೂರ ಸರಿದು ಕುಳಿತಳು. ಅವನು ಆ ಹಣ್ಣನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಬಳಿ ಬಂದ.

"ಆಕಿ ನನ್ನ ಕೂಡ ಮಾತಾಡಂಗಿಲ್ರಿ ಮೇಡಂ. ರಜಾ ಮುಗಿಯೋದ್ರಾಗ ನನ್ನ ಮನಿಗೆ ಕರಕೊಂಡು ಹೋಗಿ ಅಲ್ಲೇ ಸಾಲಿಗೆ ಹಾಕಬೇಕಂತ ಮಾಡೀನಿ. ಇಲ್ಲೊಂದೆರಡು ದಿನ ನನ್ನ ಕೂಡ ನಕ್ಕೋತ ಇದ್ರ ಸಾಕಿತ್ತು."

ಬೆಳಿಗ್ಗೆ ಮಕ್ಕಳು ನವಿಲಿನ ಹೆಜ್ಜೆಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದಿದ್ದರು. ಕಣ್ಣು ಕಟ್ಟಿಕೊಂಡು ಮರದ ತೊಗಟೆ ಮುಟ್ಟಿ, ಆಮೇಲೆ ಅದೇ ಮರವನ್ನು ಹುಡುಕುವ ಆಟವೂ ಆಗಿತ್ತು. ಮಧ್ಯಾಹ್ನದ ಮೇಲೆ ಸೌಂಡ್ ಮ್ಯಾಪ್. ಹೆಸರು ದೊಡ್ಡದು, ಆಟ ಸರಳ. ಪ್ರತಿ ಮಗು ಒಂದೊಂದು ಗಿಡದ ಕೆಳಗೆ ಒಂಟಿಯಾಗಿ, ಸುಮ್ಮನೆ ಕೂತು, ಯಾವ ಕಡೆಯಿಂದ ಯಾವ ಸದ್ದು ಬಂತೆಂದು ಹಾಳೆಯ ಮೇಲೆ ಚಿತ್ರ ಬರೆಯಬೇಕು. ದೊಡ್ಡವರು ಎತ್ತರದ ಬಂಡೆಯ ಮೇಲೆ ಕಾಯುತ್ತಾರೆ. ಆಟ ಮುಗಿದಾಗ ನಾನು ಒಬ್ಬೊಬ್ಬರ ಹೆಸರನ್ನು ಒಂದೇ ಒಂದು ಸಲ, ಮೆಲ್ಲಗೆ ಕೂಗುತ್ತೇನೆ. ಕಾಡಿನಲ್ಲಿ ಗದ್ದಲ ಬೇಡವೆಂದು ನಾವು ರೂಢಿಸಿಕೊಂಡ ಪದ್ಧತಿ ಅದು.

ಒಬ್ಬೊಬ್ಬರಾಗಿ ಎಲ್ಲ ಮಕ್ಕಳೂ ಬಂದರು, ಸಿಂಚನಾ ಬರಲಿಲ್ಲ. ಇಳಿದು ಹೋಗಿ ನೋಡಿದರೆ ಅವಳ ಗಿಡದ ಕೆಳಗೆ ಹಾಳೆಯಿತ್ತು, ಅದರ ಮೇಲೆಲ್ಲ ಕೆಂಜಿಗ ಹರಿದಾಡುತ್ತಿತ್ತು. ಇರುವೆ ಕಚ್ಚಿ ಎದ್ದು ಹೋಗಿರಬೇಕು, ಆದರೆ ಯಾವ ಕಡೆಗೆ? ಕೊಟ್ರೇಶ ಬಂಡೆಯಿಂದ ಜಾರುತ್ತಾ ಬಂದ.

ಉಳಿದ ಮಕ್ಕಳನ್ನು ಅವರವರ ಮನೆಯವರೊಂದಿಗೆ ಶಿಬಿರಕ್ಕೆ ಕಳಿಸಿ, ನಾನು, ಕೊಟ್ರೇಶ, ಕಾಡು ಕಾಯುವ ವಾಚರ್ ಭೀಮಪ್ಪ ಮೂರು ದಿಕ್ಕಿಗೆ ಹೊರಟೆವು. ಹುಡುಕಾಟಕ್ಕೂ ತರಬೇತಿಯಲ್ಲಿ ಕಲಿಸಿದ ಕ್ರಮವಿದೆ. ಒಮ್ಮೆ ಕೂಗಬೇಕು, ಉಸಿರು ಬಿಗಿಹಿಡಿದು ಆಲಿಸಬೇಕು, ಉತ್ತರವಿಲ್ಲದಿದ್ದರೆ ಮುಂದಿನ ಜಾಗಕ್ಕೆ ಸರಿಯಬೇಕು. ಒಂದೇ ಸಮ ಕೂಗುತ್ತಿದ್ದರೆ ಮಗುವಿನ ಉತ್ತರ ನಮ್ಮ ದನಿಯಲ್ಲೇ ಮುಳುಗಿಹೋಗುತ್ತದೆ. ಹಾಗಾಗಿ ಅವಳ ಹೆಸರು ಒಮ್ಮೆ ಇಲ್ಲಿಂದ, ಒಮ್ಮೆ ಅಲ್ಲಿಂದ, ಒಮ್ಮೆ ಅವನ ದನಿಯಲ್ಲಿ, ಒಮ್ಮೆ ನನ್ನ ದನಿಯಲ್ಲಿ ಕೇಳುತ್ತಾ ಹೋಯಿತು. ಪ್ರತಿ ಸಲವೂ ಕೊನೆಗೆ ಉಳಿಯುತ್ತಿದ್ದುದು ಗಾಳಿಯ ಸದ್ದು ಮಾತ್ರ. ಬಂಡೆಗಳ ನೆರಳು ಉದ್ದವಾಗತೊಡಗಿತು. ಮೂವರೂ ಮತ್ತೆ ಒಂದೆಡೆ ಸೇರಿದಾಗ ಭೀಮಪ್ಪ ಆಕಾಶ ನೋಡಿದ, ನಾನು ಅವನ ಮುಖ ನೋಡಲಿಲ್ಲ.

ಇನ್ನಷ್ಟು ಜನರನ್ನು ಕರೆಸಲು ಫೋನ್ ಮಾಡಬೇಕಿತ್ತು. ಸಿಗ್ನಲ್ ಸಿಗುವುದು ಎತ್ತರದ ಬಂಡೆಯ ಮೇಲೆ ಮಾತ್ರ. ನಾನೂ ಕೊಟ್ರೇಶನೂ ಅಲ್ಲಿಗೆ ಹತ್ತಿದಾಗ ಅವನ ಫೋನು ತಾನೇ ಹೊಡೆದುಕೊಂಡಿತು. ಮಾಗಳದಿಂದ ಅವನ ತಾಯಿ, ಮೊಮ್ಮಗಳು ಉಂಡಳೋ ಇಲ್ಲವೋ ಎಂದು ಕೇಳಲು ಕರೆ ಮಾಡಿದ್ದರು. ಅವನು ಫೋನ್ ನನ್ನ ಕೈಗೆ ಕೊಟ್ಟ. ನಡೆದದ್ದನ್ನು ಹೇಳಿದೆ. ಆ ಕಡೆ ಅಳುವಿಲ್ಲ, ಬೈಗುಳವಿಲ್ಲ, ಒಂದೇ ಪ್ರಶ್ನೆ.

"ಎಷ್ಟು ಸಲ ಕರದ್ರಿ?"

"ಹೋದಲ್ಲೆಲ್ಲ ಕರದೀವಮ್ಮ, ಒಂದೊಂದು ಸಲ."

"ಒಂದು ಸಲ ಕರದ್ರ ಆಕಿ ಹ್ಯಾಂಗ ಓ ಅಂತಾಳ? ಅಡವ್ಯಾಗ ಒಂದs ಸಲ ಕರಿಯೋದು ಮನಷ್ಯಾರಲ್ಲವ್ವ. ಒಬ್ರs ನಿಂತಲ್ಲೇ ನಿಂತು ಮೂರು ಸಲ ಕರದ್ರ ಮಾತ್ರ ಓ ಅನ್ನು ಅಂತ ನಾನs ಹೇಳಿಕೊಟ್ಟೀನಿ. ಕೊಟ್ರ್ಯಾಗ ಫೋನ್ ಕೊಡು." ಫೋನು ಅವನ ಕಿವಿಗೆ ಹೋದ ಮೇಲೂ ಅವರ ದನಿ ನನಗೆ ಕೇಳುತ್ತಿತ್ತು. "ಲೇ, ನಿನಗೂ ಸಣ್ಣಾಂವ ಇದ್ದಾಗ ಕಲಿಸಿದ್ನಲ್ಲೋ. ಮರತಿಯೇನು?"

ಅವನು ಮರೆತಿದ್ದ. ಅಡವಿಯಲ್ಲಿ ದೆವ್ವ ಒಂದೇ ಸಲ ಕರೆಯುತ್ತದೆ, ಓಗೊಟ್ಟರೆ ಹಿಂದೆ ಕರೆದೊಯ್ಯುತ್ತದೆ ಎಂದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ನನಗೂ ಅದು ಗೊತ್ತಿದ್ದ ಮಾತೇ. ಆದರೆ ಸಮವಸ್ತ್ರ ಹಾಕಿದ ಮೇಲೆ ಅಂಥದ್ದು ನೆನಪಿಗೆ ಬರುವುದಿಲ್ಲ.

ಕೊಟ್ರೇಶ ಮಗಳು ಕೂತಿದ್ದ ಗಿಡದ ಬಳಿಗೇ ಇಳಿದು ನಿಂತ. "ಸಿಂಚೂ" ಎಂದ. ಸದ್ದಿಲ್ಲ. "ಸಿಂಚೂ" ಎಂದ, ಈ ಸಲ ಇನ್ನೂ ಗಟ್ಟಿಯಾಗಿ. ಮೂರನೇ ಸಲ ಅವನು ಕೂಗಿದ್ದು ಕೂಗೇ ಅಲ್ಲ, ಅಳು.

"ಓ... ಅಪ್ಪಾ!"

ನಾನು ಎರಡು ಬಾರಿ ಹಾದುಹೋಗಿದ್ದ ಬಂಡೆಗಳ ಸಂದಿನಿಂದ, ಒಂದು ಕಲ್ಲೆಸೆತದಷ್ಟೂ ದೂರವಿಲ್ಲದ ಕಡೆಯಿಂದ ಬಂತು ಆ ಉತ್ತರ. ಅವಳು ಮೊಣಕಾಲಿನಲ್ಲಿ ಮುಖ ಹುದುಗಿಸಿ ಕೂತಿದ್ದಳು. ಕಾಲೆಲ್ಲ ಇರುವೆ ಕಚ್ಚಿ ಬಾತಿತ್ತು. ಅಪ್ಪ ಎತ್ತಿಕೊಂಡಾಗ ಬೇಡವೆನ್ನಲಿಲ್ಲ. ಅವನ ಅಂಗಿಯ ಕಾಲರ್ ಅನ್ನು ಮುಷ್ಟಿಯಲ್ಲಿ ಹಿಡಿದವಳು ಶಿಬಿರ ಮುಟ್ಟುವವರೆಗೂ ಬಿಡಲಿಲ್ಲ.

ಆ ಸಂಜೆ ಅವಳ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಕೇಳಿದೆ. "ನಾವು ಕರದದ್ದು ನಿನಗ ಕೇಳಿಸಿತ್ತೇನವ್ವ?"

"ಕೇಳಿಸಿತ್ರಿ ಅಕ್ಕಾರ. ನಿಮ್ಮ ದನಿ ನಮ್ಮವ್ವನ ದನಿಯಂಗ ಇತ್ತು. ಇನ್ನೊಂದ್ಸಲ ಕರೀತೀರೇನೋ ಅಂತ ಕಾದೆ. ನೀವು ಹೋದ್ರಿ."

ಎಣ್ಣೆಯ ಬಟ್ಟಲು ಒಳಗಿಡುವ ನೆಪದಲ್ಲಿ ಎದ್ದುಹೋಗಿ ಅಡಿಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಆಚೆ ಕೊಟ್ರೇಶ ಸೀತಾಫಲ ಬಿಡಿಸುತ್ತಿದ್ದ. ಅವಳು ಅದರ ಬೀಜಗಳನ್ನು ಅಂಗಳಕ್ಕೆ ಉಗುಳುತ್ತಿದ್ದಳು, ಯಾರ ಬೀಜ ದೂರ ಬೀಳುತ್ತದೆ ಎಂದು ಅಪ್ಪನೊಂದಿಗೆ ಪಂದ್ಯ ಹೂಡಿದ್ದಳು.

ಮರುದಿನ ಮಧ್ಯಾಹ್ನ ಎಲ್ಲರೂ ಹೊರಟರು. ಹರಪನಹಳ್ಳಿಯ ಗಾಡಿ ತಿರುವಿಗೆ ಬಂದಾಗ ಕಿಟಕಿಯಿಂದ ಸಣ್ಣ ತಲೆಯೊಂದು ಹೊರಬಂತು. "ಅಕ್ಕಾರಾ!" ನನಗೆ ಕೈಯೆತ್ತಲು ಮನಸ್ಸಾಯಿತು, ಎತ್ತಲಿಲ್ಲ. "ಅಕ್ಕಾರಾ!" ಗಾಡಿ ಗಿಡಗಳ ಮರೆಗೆ ಹೋಯಿತು. ಇನ್ನು ಮುಗಿಯಿತು ಎಂದುಕೊಂಡೆ. ಆಗ ಮರೆಯಿಂದಲೇ ಮೂರನೆಯದು ಬಂತು. ಜೀವನದಲ್ಲಿ ನಾನು ಅಷ್ಟು ಗಟ್ಟಿಯಾಗಿ ಎಂದೂ ಓಗೊಟ್ಟಿರಲಿಲ್ಲ. ಭೀಮಪ್ಪ ಗಾಬರಿಯಾಗಿ ಓಡಿಬಂದ.

ಆಮೇಲೆ ಶಿಬಿರದ ಪದ್ಧತಿ ಬದಲಾಯಿಸಿದೆ. ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗುವವರಿಗೆ ಈ ಕೆಲಸ ಕಲಿಸಿದ್ದನ್ನೇ ಹೇಳುತ್ತೇನೆ. ಆಡಿಸುವ ಮೊದಲು ಮಕ್ಕಳನ್ನು ಅವರ ಮನೆಯಲ್ಲಿ ಹೇಗೆ, ಎಷ್ಟು ಸಲ ಕರೆಯುತ್ತಾರೆಂದು ಕೇಳಿಕೊಳ್ಳಿ. ಉತ್ತರ ಬರಲಿಲ್ಲವೆಂದು ಮುಂದೆ ಸರಿಯುವ ಅವಸರ ಬೇಡ, ನಿಂತಲ್ಲೇ ನಿಂತು ಮತ್ತೆ ಕರೆಯಿರಿ.

ನಿವೃತ್ತಿಯಾಗಿ ಈಗ ನಾನು ಕೊಟ್ಟೂರಿನಲ್ಲಿದ್ದೇನೆ. ಸಂಜೆ ಯಾರಾದರೂ ಬಾಗಿಲಲ್ಲಿ ನಿಂತು "ಅಕ್ಕಾರಾ" ಎಂದರೆ ತಟ್ಟನೆ ಓಗೊಡುವುದಿಲ್ಲ. ಒಳಗೆ ಕೂತು ಮೂರನೆಯದಕ್ಕೆ ಕಾಯುತ್ತೇನೆ. ಹೆಚ್ಚಿನವರು ಒಂದೇ ಸಲ ಕರೆದು ಹೋಗಿಬಿಡುತ್ತಾರೆ.