ಸಜ್ಜೆ ಹೊಲದಲ್ಲಿ ಮುರಿದ ಕಡ್ಡಿಗಳು

ಆ ಗಾಲಿಯ ಕಡ್ಡಿಗಳನ್ನು ಮುರಿದವನು ನಾನು. ಕಮ್ಮಾರ ಕಾಳಪ್ಪನ ಕೈಕೆಲಸ ಕೆಟ್ಟಿತ್ತು, ಅದಕ್ಕೇ ದೇಸಾಯರ ಮಗಳು ನೀಲವ್ವ ಸತ್ತಳು ಎಂದು ತಾವರಗೇರಾದಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಸುಳ್ಳು. ಆ ಸುಳ್ಳನ್ನು ಹುಟ್ಟಿಸಿದ್ದು ಈ ಬಾಯಿ. ಅದಕ್ಕೆ ಸಾಕ್ಷಿ ಮಾಡಿಕೊಟ್ಟದ್ದು ಈ ಕೈ — ಒಂದು ಕಲ್ಲು ಹಿಡಿದು.

ಎರಡನೇ ಮಹಾಯುದ್ಧದ ಕಾಲ. ನಾನು ದೇಸಾಯರ ಮೋಟಾರು ನಡೆಸುತ್ತಿದ್ದೆ. ಸೈಕಲ್ಲಿಗೆ ಇರುವಂಥ ತಂತಿ ಕಡ್ಡಿಗಳ ಗಾಲಿ ಅದಕ್ಕೆ; ಸುತ್ತಲ ಹಳ್ಳಿಗಳಲ್ಲಿ ಅಂಥ ಮೋಟಾರು ಇನ್ನೊಂದಿರಲಿಲ್ಲ. ಅದರ ಪಕ್ಕದಲ್ಲಿ ನಾನು ಎದೆಯುಬ್ಬಿಸಿಯೇ ನಿಲ್ಲುತ್ತಿದ್ದೆ — ನನ್ನ ಸ್ವಂತದ್ದೇ ಎಂಬಂತೆ. ಆ ಗಾಲಿಗಳು ಬಹಳ ಉಪಚಾರ ಕೇಳುತ್ತಿದ್ದವು. ಗಾಲಿ ಹೊರಗೆಳೆಯಬೇಕು, ಅದು ಕೂರುವ ಅಚ್ಚಿನ ಹಲ್ಲುಗಳ ಜಿಡ್ಡು ಧೂಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆಯಬೇಕು, ಹೊಸ ಗ್ರೀಸು ಸವರಿ ಮತ್ತೆ ಕೂರಿಸಬೇಕು. ನಡುವಿನ ಎರಡು ಕಿವಿಯ ದೊಡ್ಡ ನಟ್ಟನ್ನು ಕೈಯಿಂದ ತಿರುಗಿಸಿ, ಕೊನೆಗೆ ಆ ಕಿವಿಗಳಿಗೆ ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಗಿಯಬೇಕು. ಬರೀ ಕೈಬಿಗಿ ಸಾಲದು, ಓಡುತ್ತ ಬಿಚ್ಚಿಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನುಸುಳಿಕೊಳ್ಳಲು ನನಗೆ ಸಂದಿಯಿಲ್ಲ.

ಕಡ್ಡಿ ಸಡಿಲಾದರೆ ಮಾತ್ರ ಕಾಳಪ್ಪ ಬರುತ್ತಿದ್ದ. ಒಂದೊಂದನ್ನೂ ಬೆರಳಿನಿಂದ ಮೀಟಿ ಕಿವಿಗೊಟ್ಟು ಕೇಳುವನು. ದನಿ ಮಂಕಾದದ್ದನ್ನು ಬಿಗಿಯುವನು. ನಾವಿಬ್ಬರೂ ಒಂದೇ ವಾರಿಗೆಯವರು, ಒಂದು ಬೀಡಿಯನ್ನು ಇಬ್ಬರೂ ಸೇದಿದವರು. ಮಹಾನವಮಿಯ ಹಿಂದಿನ ದಿನ ಎಲ್ಲ ಗಾಲಿಗಳನ್ನೂ ಮೀಟಿ ನೋಡಿ, ಸಡಿಲಾದ ಕಡ್ಡಿಗಳನ್ನು ಬಿಗಿದು, ಸೊಂಟ ಹಿಡಿದುಕೊಂಡು ಎದ್ದು ನಕ್ಕ:

"ಬಸಣ್ಣ, ನೀ ಗಾಲಿ ತೊಳಿಯೂದು ನೋಡಿದ್ರ ಹೆಣ್ತಿಗೆ ಎರದಂಗ ಐತಲ್ಲೋ! ಮನ್ಯಾಗ ಆಕಿಗೆ ಒಂದ್ ಕೊಡ ನೀರರ ತಂದು ಕೊಟ್ಟೀಯೇನು?"

"ನಿನ್ನ ಹೆಣ್ತಿನ್ನ ಕೇಳಿ ಬಾ ಮದ್ಲ," ಎಂದೆ. ನಾವು ಕೂಡಿ ನಕ್ಕದ್ದು ಅದೇ ಕೊನೆಯ ಸಲ.

ಮರುದಿನ ಖಂಡೆ ಪೂಜೆ, ಆಯುಧಗಳ ಪೂಜೆ. ನಾನು ಗಾಲಿ ತೊಳೆದು, ಗ್ರೀಸು ಸವರಿ, ಏರಿಸುವ ಹೊತ್ತಿಗೆ ದೇಸಾಯರ ತಾಯಿ ತಾಮ್ರದ ಸುತ್ತಿಗೆಯನ್ನೂ ಕತ್ತಿ, ಕೊಡಲಿಗಳ ಜೊತೆ ದೇವರ ಮುಂದಿಟ್ಟು ವಿಭೂತಿ ಕುಂಕುಮ ಹಚ್ಚಿಬಿಟ್ಟಿದ್ದರು. ಹಾಗೆ ಕೂತದ್ದನ್ನು ಮರುದಿನ ಬನ್ನಿ ತರುವವರೆಗೆ ಕದಲಿಸುವಂತಿಲ್ಲ. ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ ಬಿಟ್ಟೆ. ಪೂಜೆಯಾದ ಮೋಟಾರೂ ಇವತ್ತು ಹೊರಡುವುದಿಲ್ಲವಲ್ಲ, ನಾಳೆ ಹೊಡೆದರಾಯಿತು — ಎಂದುಕೊಂಡು ಚೆಂಡುಹೂವಿನ ಮಾಲೆ ಹಾಕಿ ಊಟಕ್ಕೆ ಕೂತೆ.

ನೀಲವ್ವ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಧ್ಯಾಹ್ನ ಬೇನೆ ಬಿಗಡಾಯಿಸಿತು. ಸೂಲಗಿತ್ತಿ ಹೊರಗೆ ಬಂದು, "ನನ್ನ ಕೈಲಿ ಆಗೂದಲ್ರಿ ಇದು, ಗಂಗಾವತಿ ದವಾಖಾನಿಗೆ ಒಯ್ರಿ," ಎಂದಳು. ದೇಸಾಯರು ಬರಿಗಾಲಲ್ಲಿ ಅಂಗಳಕ್ಕೆ ಓಡಿಬಂದರು.

"ಬಸಪ್ಪಾ, ಮೋಟಾರ ತಯಾರೈತೇನೋ?"

ಸುತ್ತಿಗೆ ಬೇಕು ಎಂದಿದ್ದರೆ ಸಾಕಿತ್ತು. ದೇವರ ಕೋಣೆಯ ಬಾಗಿಲು ಎದುರಿಗೇ ತೆರೆದಿತ್ತು. ಮೊಮ್ಮಗಳ ಜೀವಕ್ಕಿಂತ ಶಾಸ್ತ್ರ ದೊಡ್ಡದೆಂದು ಆ ಮುದುಕಿಯೂ ಅನ್ನುತ್ತಿರಲಿಲ್ಲ. ಇಲ್ಲ, ನನ್ನನ್ನು ತಡೆದದ್ದು ಶಾಸ್ತ್ರವಲ್ಲ. ಅಷ್ಟು ಜನರ ಎದುರು, ಕೆಲಸವನ್ನು ಅರ್ಧಕ್ಕೆ ಬಿಟ್ಟಿದ್ದೇನೆ ಎಂದು ಒಪ್ಪಿಕೊಳ್ಳಲು — ಮೋಟಾರಿನ ಬಸಪ್ಪನಿಗೆ — ನಾಚಿಕೆ.

"ತಯಾರೈತ್ರಿ ಧಣ್ಯಾರ," ಎಂದೆ.

ಹುಲಿಹೈದರ ದಾಟಿ ಕನಕಗಿರಿಯ ಕಡೆ ಹೊರಟಿದ್ದೆವು. ತಗ್ಗು ದಿನ್ನೆಯ ರಸ್ತೆ. ನನ್ನ ಪಕ್ಕದಲ್ಲಿ ದೇಸಾಯರು; ಹಿಂದೆ ಸೂಲಗಿತ್ತಿಯ ತೊಡೆಯ ಮೇಲೆ ತಲೆಯಿಟ್ಟು ನೀಲವ್ವ ನರಳುತ್ತಿದ್ದಳು. ಇಳಿಜಾರಿನಲ್ಲಿ ನಮ್ಮ ಮುಂದಿನ ಗಾಲಿ ನಮ್ಮನ್ನು ಬಿಟ್ಟು ತಾನೇ ಮುಂದೆ ಓಡುತ್ತಿರುವುದನ್ನು ಕಂಡೆ. ಆಮೇಲೆ ಮೋಟಾರು ಮಗ್ಗುಲಾಯಿತು.

ಹತ್ತಿರದ ಹಳ್ಳಿಯಿಂದ ಬಂಡಿ ಬರುವ ಮೊದಲೇ ನೀಲವ್ವನ ಉಸಿರು ನಿಂತಿತು. ಕೂಸು ಹೊಟ್ಟೆಯಲ್ಲೇ ಉಳಿಯಿತು.

ದೇಸಾಯರು ಮಗಳ ಮುಖ ಒರೆಸುತ್ತಾ ಕೂತಿದ್ದರು. ಗಾಲಿ ತರುತ್ತೇನೆಂದು ನಾನು ಹೋದೆ. ಅದು ಸಜ್ಜೆ ಹೊಲದೊಳಗೆ ಬಿದ್ದಿತ್ತು. ಎತ್ತಿ ನಿಲ್ಲಿಸಿದೆ. ಒಂದು ಕಡ್ಡಿಯೂ ಡೊಂಕಾಗಿರಲಿಲ್ಲ. ಕಾಳಪ್ಪ ಬಿಗಿದದ್ದು ಬಿಗಿದ ಹಾಗೆಯೇ ಇತ್ತು. ನಟ್ಟನ್ನೇ ಬಿಗಿದಿರಲಿಲ್ಲವೆಂದು ನೋಡಿದವರಿಗೆ ತಿಳಿದುಬಿಡುತ್ತದೆ, ಎಂದು... ಕಲ್ಲೆತ್ತಿಕೊಂಡೆ. ಸಜ್ಜೆ ತಲೆಗಿಂತ ಎತ್ತರ ಬೆಳೆದಿತ್ತು, ಯಾರಿಗೂ ಕಾಣುವಂತಿರಲಿಲ್ಲ. ಆಚೆ ತಂದೆಯೊಬ್ಬ ಮಗಳ ಹೆಸರು ಹಿಡಿದು ಕೂಗುತ್ತಿದ್ದ — ಈಚೆ ನಾನು ಕಡ್ಡಿಗಳಿಗೆ ಹೊಡೆಯುತ್ತಿದ್ದೆ.

ಊರಿಗೆ ತಂದು ದೇಸಾಯರ ಕಟ್ಟೆಯ ಮೇಲೆ ಗಾಲಿ ಹಾಕಿದಾಗ ಜನ ಕೂಡಿದ್ದರು. ಏನಾಯಿತೆಂದು ಕೇಳಿದರು.

"ಕಡ್ಡಿ ಮುರದು, ಗಾಲಿ ಕುಣದು, ನಟ್ಟು ಬಿಚ್ಚೈತ್ರಿ," ಎಂದೆ. "ನಿನ್ನಿ ಕಾಳಪ್ಪ ಬಿಗದಿದ್ದ."

ಅವನನ್ನು ಎಳೆದು ತಂದರು. ಗಾಲಿಯ ಮುಂದೆ ಕೂತು, ಮುರಿದ ತುದಿಗಳನ್ನು ಒಂದೊಂದಾಗಿ ಮುಟ್ಟಿದ. ಈಗ ತಲೆಯೆತ್ತುತ್ತಾನೆ, ನನ್ನ ಮೇಲೆ ಹಾಯುತ್ತಾನೆ ಎಂದು ಕಾದೆ. ಅವನು ನನ್ನ ಕಡೆ ನೋಡಲೇ ಇಲ್ಲ. ತನ್ನ ಕೈಗಳನ್ನು ನೋಡಿಕೊಂಡ.

"ಹೆಚ್ಚಿಗೆ ಬಿಗದ್ನೇನೋ..." ಎಂದ.

ಅಷ್ಟೇ ಸಾಕಾಯಿತು ಜನರಿಗೆ. ಅವನನ್ನು ಹೊಡೆದರು, ಕುಲುಮೆ ಕೆಡವಿದರು. ಹೆಂಡತಿ ಮಗನನ್ನು ಕರೆದುಕೊಂಡು ಅವನು ಕುಷ್ಟಗಿಯ ಹಾದಿ ಹಿಡಿದಾಗಲೂ ನಾನು ನೋಡುತ್ತ ನಿಂತಿದ್ದೆ. ನನ್ನ ಕೆಲಸ ಉಳಿಯಿತು. ನಿನ್ನದೇನು ತಪ್ಪೋ ಬಸಪ್ಪ ಎಂದು ದೇಸಾಯರು ನನ್ನ ಬೆನ್ನು ಸವರಿದರು — ಆ ಕೈಯ ಕೆಳಗೆ ಸುಮ್ಮನಿದ್ದೆ.

ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳು ಕುಷ್ಟಗಿಗೆ ಹೋದೆ. ಕಾಳಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವನ ಮಗ ಮಾನಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿದೆ.

"ನಮ್ಮಪ್ಪ ಆಮ್ಯಾಲ ಸುತ್ತಿಗಿ ಹಿಡೀಲಿಲ್ರಿ," ಎಂದ. "ಮಂದಿ ಹೊಲದಾಗ ಕೂಲಿ ಮಾಡಿದ. ಸಾಯೂ ಮುಂದ ಸುದ್ದಾ ಅದನ್ನ ಅಂದ — ಆ ಹೆಣ್ಮಗಳು ನನ್ನ ಕೈಯಾಗ ಸತ್ಲು ಅಂತ."

ನನ್ನ ಸುಳ್ಳನ್ನು ಊರು ನಂಬಿತ್ತೆಂದು ಗೊತ್ತಿತ್ತು. ಕಾಳಪ್ಪನೂ ನಂಬಿಕೊಂಡೇ ಸತ್ತಿದ್ದಾನೆ ಎಂದು... ನಾನು ಕೈಮುಗಿದು ಅತ್ತುಬಿಟ್ಟೆ. ಮಾನಪ್ಪ ಎದ್ದು ನಿಂತ.

"ನನ್ನ ಮುಂದ ಯಾಕ ಅಳ್ತೀರಿ? ನಮ್ಮಪ್ಪನ ಹೆಸರು ಕೆಡಿಸಿದ್ದು ನಮ್ಮ ಮನ್ಯಾಗೇನ್ರಿ? ದೇಸಾಯರ ಕಟ್ಟೀ ಮ್ಯಾಲ. ಅಲ್ಲಿ ಹೋಗಿ ಹೇಳ್ರಿ."

ದೇಸಾಯರು ಇನ್ನೂ ಇದ್ದಾರೆ. ಕಣ್ಣು ಹೋಗಿದೆ, ಕಿವಿ ಇದೆ. ಬರುವ ಸಂತೆಯ ದಿನ ಕಟ್ಟೆ ತುಂಬ ಜನರಿರುವಾಗ ಹೋಗಿ ಹೇಳುತ್ತೇನೆ. ಅವರು ಏನು ಮಾಡಿದರೂ ಮಾಡಲಿ. ಮಾನಪ್ಪ ಬಂದು ನಿಲ್ಲುತ್ತೇನೆ ಎಂದಿದ್ದಾನೆ. ಊರೆಲ್ಲ ಕೇಳುತ್ತದೆ. ಕೇಳಬೇಕಾದವನೊಬ್ಬ ಅಲ್ಲಿರುವುದಿಲ್ಲ.