ಮುರುಗೇಶಪ್ಪನವರು ಕೀಬೋರ್ಡ್ ಮುಟ್ಟದ ದಿನಗಳು

ಶಿವಮೊಗ್ಗ, ಭದ್ರಾವತಿಗಳಲ್ಲಿ ಕಂಪ್ಯೂಟರ್ ಕಲಿಸಿದವರು ಹಲವರಿದ್ದಾರೆ. ಅದು ಚಾಲೂ ಆಗದೆ ನಿಂತಾಗ ಎದುರು ಕೂತು ಕಾರಣ ಹುಡುಕುವುದನ್ನು ಕಲಿಸಿದವರು ಶ್ರೀ ಮುರುಗೇಶಪ್ಪನವರು. ಭದ್ರಾವತಿಯ ಕಾರ್ಖಾನೆಯೊಂದರ ಗಣಕ ವಿಭಾಗದಲ್ಲಿ ದುಡಿದು, ತೊಂಬತ್ತರ ದಶಕದ ಕೊನೆಗೆ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಕಾಲೇಜಿಗೆ ಪ್ರಯೋಗಾಲಯದ ಮುಖ್ಯಸ್ಥರಾಗಿ ಬಂದ ಅವರು, ಪರದೆಯ ಮೇಲಿನ ದೋಷದ ಸಾಲನ್ನು ಗಟ್ಟಿಯಾಗಿ ಓದದೆ ಯಾರೂ ಯಂತ್ರಕ್ಕೆ ಕೈ ಹಾಕಬಾರದೆಂಬ ನಿಯಮವನ್ನು ಜೊತೆಗೇ ತಂದರು.

ನಾನು ಅಲ್ಲಿ ತಾತ್ಕಾಲಿಕ ಬೋಧಕಿಯಾಗಿ ಸೇರಿದ್ದು ೨೦೦೩ರಲ್ಲಿ, ನನ್ನ ಪತಿ ತೀರಿಕೊಂಡ ವರ್ಷ. ಸಂದರ್ಶನದಲ್ಲಿ ಮುರುಗೇಶಪ್ಪನವರು ಅದರ ಬಗ್ಗೆ ಕೇಳಲಿಲ್ಲ. ಎಂ.ಎಸ್‌ಸಿ.ಯಲ್ಲಿ ಏನು ಓದಿದೆ ಎಂದಷ್ಟೇ ಕೇಳಿದರು.

ಅದೇ ವರ್ಷ ಪ್ರಾಯೋಗಿಕ ಪರೀಕ್ಷೆ ವಿಂಡೋಸ್ ಬದಲು ಲಿನಕ್ಸ್‌ನಲ್ಲಿ ನಡೆಯಬೇಕಿತ್ತು. ಸೋಮವಾರದೊಳಗೆ ಯಂತ್ರಗಳು ಸಿದ್ಧವಾಗದಿದ್ದರೆ ಪರೀಕ್ಷಾ ಕೇಂದ್ರ ಬೇರೆಡೆಗೆ ಹೋಗುತ್ತದೆ, ನನ್ನ ನೇಮಕವೂ ಮುಂದುವರಿಯುವುದಿಲ್ಲ ಎಂದು ಪ್ರಾಂಶುಪಾಲ ಶ್ರೀನಿವಾಸಮೂರ್ತಿಯವರು ತಿಳಿಸಿದ್ದರು. ಸಿ.ಡಿ. ಡ್ರೈವ್ ಇದ್ದದ್ದು ಒಂದೇ ಯಂತ್ರದಲ್ಲಿ. ಉಳಿದವನ್ನು ಫ್ಲಾಪಿಯಿಂದ ಎಬ್ಬಿಸಿ, ನೆಟ್‌ವರ್ಕ್ ಮೂಲಕ ಇನ್‌ಸ್ಟಾಲ್ ಮಾಡಬೇಕು. ಆಯಾ ಯಂತ್ರದ ನೆಟ್‌ವರ್ಕ್ ಕಾರ್ಡಿಗೆ ತಕ್ಕ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಹಾಕಿದ ಫ್ಲಾಪಿಗಳನ್ನು ದಸರೆಗೆ ಮುಂಚೆಯೇ ಮಾಡಿಟ್ಟಿದ್ದೆವು. ಹಬ್ಬ ಕಳೆದು ಶುಕ್ರವಾರ ಹಾಕಿ ನೋಡಿದರೆ, ಅರ್ಧಕ್ಕರ್ಧ ಯಂತ್ರಗಳಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಕಾರ್ಡನ್ನು ಹುಡುಕುವಲ್ಲಿಯೇ ನಿಂತಿತು.

“ಹಳೇ ವಿಂಡೋಸ್‌ಗೇ ಕೈ ಮುಗಿಯೋಣ ಮಾರಾಯ್ತಿ, ಇದು ನಮ್ಮ ಜಾತಕಕ್ಕೆ ಕೂಡಲ್ಲ” ಎಂದರು ಸಹೋದ್ಯೋಗಿ ಧರ್ಮೇಂದ್ರ.

ನಾನು ಎದ್ದು ಮುರುಗೇಶಪ್ಪನವರಿಗೆ ಕುರ್ಚಿ ಬಿಟ್ಟೆ. ಅವರು ಕೂರಲಿಲ್ಲ.

“ನಾನು ಮುಟ್ಟಲ್ಲ ಕಣಮ್ಮ. ನಾನು ಮಾಡಿದ್ರೆ, ಪಾಪ ಅಂತ ನಿನ್ನ ಇಟ್ಕೋತಾರೆ. ನೀನು ಮಾಡಿದ್ರೆ, ಬೇಕು ಅಂತ ಇಟ್ಕೋತಾರೆ. ಓದು.”

ಓದಿದೆ. ಅಂಥ ಸಾಧನ ಇಲ್ಲ ಎಂದಿತ್ತು. ಇನ್ನೊಮ್ಮೆ ಓದಿಸಿದರು. ಕೆಟ್ಟಿದೆ ಎಂದಲ್ಲ, ಇಲ್ಲ ಎಂದು. ಹಾಗಾದರೆ ಒಳಗಿರುವುದು ಯಾವ ಕಾರ್ಡೆಂದು ನೋಡಲು ಯಂತ್ರ ಬಿಚ್ಚಿದೆ.

ಆಯುಧಪೂಜೆಗೆಂದು ನಾವೆಲ್ಲ ಸೇರಿ ಕಾರ್ಡುಗಳನ್ನು ಕಳಚಿ, ಧೂಳು ಒರೆಸಿ, ಮೇಜಿನ ಮೇಲೆ ಸಾಲಾಗಿಟ್ಟು ಕುಂಕುಮ ಹಚ್ಚಿದ್ದೆವು. ಮರಳಿ ಹಾಕುವಾಗ ಯಾವುದು ಯಾವ ಯಂತ್ರದ್ದೆಂದು ಯಾರೂ ನೋಡಿರಲಿಲ್ಲ. ಕಾರ್ಡುಗಳು ಎರಡು ಬಗೆಯವು. ಕಾರ್ಡಿನ ಚಿಪ್ ಮೇಲಿನ ಕುಂಕುಮ ಒರೆಸಿ ನಂಬರ್ ಓದಿದೆ; ಫ್ಲಾಪಿಯಲ್ಲಿದ್ದುದು ಇನ್ನೊಂದು ಬಗೆಯ ಡ್ರೈವರ್.

ಶನಿವಾರ, ಭಾನುವಾರ ಅದೇ ಕೆಲಸ. ಬಿಚ್ಚುವುದು, ಓದುವುದು, ತಕ್ಕ ಫ್ಲಾಪಿ ಹಾಕುವುದು. ಮುರುಗೇಶಪ್ಪನವರು ಹೊಸಮನೆ ಬಡಾವಣೆಯ ತಮ್ಮ ಮನೆಯಿಂದ ಊಟ ತಂದುಕೊಟ್ಟರು. ಸ್ಕ್ರೂಡ್ರೈವರನ್ನು ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ.

ಸೋಮವಾರ ಪರೀಕ್ಷೆ ನಡೆಯಿತು. ಹೇಗೆ ಸರಿಹೋಯಿತೆಂದು ಪ್ರಾಂಶುಪಾಲರು ಕೇಳಿದಾಗ ಮುರುಗೇಶಪ್ಪನವರು, “ನಂಗೇನ್ ಗೊತ್ತು ಸಾರ್, ಮೇಡಮ್ಮನ್ನ ಕೇಳಿ” ಎಂದರು. ನಾನು ವಿವರಿಸಿದೆ. ಬಹಳ ದಿನಗಳ ಮೇಲೆ ಅಷ್ಟು ಮಾತಾಡಿದ್ದೆ. ನೇಮಕ ಮುಂದುವರಿಯಿತು, ಎರಡು ವರ್ಷಗಳ ನಂತರ ಕಾಯಂ ಆಯಿತು.

ಈ ತಿಂಗಳು ಮುರುಗೇಶಪ್ಪನವರು ನಿವೃತ್ತರಾಗುತ್ತಿದ್ದಾರೆ. ಅವರ ಹೊಣೆ ನನಗೆ ಬರುತ್ತಿದೆ. ಅವರಿಗೆ ದೀರ್ಘಾಯುಸ್ಸು, ನಿಚ್ಚಳವಾದ ಕಣ್ಣು, ಕೈತುಂಬ ಕೆಲಸ ಇರಲಿ ಎಂದು ಹಾರೈಸುತ್ತೇನೆ. ಪ್ರಯೋಗಾಲಯದ ಚಿಂತೆ ಅವರಿಗೆ ಬೇಡ. ನಾನಿದ್ದೇನೆ.